ವಿಂಡೋಸ್ ಕೀ ಮದರ್‌ಬೋರ್ಡಿನಲ್ಲೇ ಇತ್ತು: ನನ್ನ ಅನುಭವ

ಹೋದ ಮೇ ತಿಂಗಳಲ್ಲಿ ಕಲಬುರಗಿಯ ಜಗತ್ ಸರ್ಕಲ್ ಕಡೆಯ ಒಂದು ಟ್ಯೂಷನ್ ಸೆಂಟರಿನವರು 14 ಲ್ಯಾಪ್‌ಟಾಪ್ ತಂದು ನನ್ನ ಅಂಗಡಿಯಲ್ಲಿ ಇಳಿಸಿದರು. ಎಲ್ಲಾ ಆಮೆ ವೇಗ. ಎಲ್ಲದರಲ್ಲೂ ಕ್ರ್ಯಾಕ್ ಹಾಕಿದ, ಅಂದರೆ ಕಳ್ಳದಾರಿಯಲ್ಲಿ ಹಾಕಿದ ವಿಂಡೋಸ್ ಪ್ರೋ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು, ಮೇಲೆ ಒರಿಜಿನಲ್ ವಿಂಡೋಸೇ ಬೇಕು ಅಂದರು. ವಿಂಡೋಸ್ ಒರಿಜಿನಲ್ ಅಂತ ತೋರಿಸುವ ಅಕ್ಷರಗಳ ಸಾಲೇ ಪ್ರಾಡಕ್ಟ್ ಕೀ.

"ಕೀ ದುಡ್ಡು ಬ್ಯಾರೆ ಕೊಡಬೇಕೇನ್ರೀ?"

"ಬ್ಯಾಡ್ರಿ ಸರ. ಲ್ಯಾಪ್‌ಟಾಪ್ ತಗೊಂಡಾಗೇ ಕೊಟ್ಟೀರಿ."

ಪಕ್ಕದ ಅಂಗಡಿಯ ಕಾಕಾ ಇದನ್ನು ಕೇಳಿಸಿಕೊಂಡರು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿದವರು, ನನಗೆ ಸೋಲ್ಡರಿಂಗ್ ಕಲಿಸಿದವರೇ ಅವರು. ಗಿರಾಕಿ ಹೋದ ಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಹಾರ್ಡ್‌ಡಿಸ್ಕೇ ತೆಗದು ಒಗದ ಮ್ಯಾಲ ಕೀ ಎಲ್ಲಿಂದ ಬರ್ತದ? ಸುಮ್ನ ಮಾತು ಕೊಟ್ಟಿ, ಕೈಯಿಂದ ಹಾಕ್ಬೇಕಾಗ್ತದ ನೋಡು" ಅಂದರು. ಮಾರ್ಕೆಟಿನಲ್ಲಿ ಇನ್ನಿಬ್ಬರದ್ದೂ ಇದೇ ಮಾತು. ಅದಕ್ಕೇ ಬರೆಯುತ್ತಿದ್ದೇನೆ. ಆ 14ರ ಕೀಗೆ ಅಂತ ನನ್ನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ.

ನನಗೆ ಇದು ಗೊತ್ತಾಗಿದ್ದು ಒಂದು ಎರರ್ ಮೆಸೇಜಿನಿಂದ. ಸುಮಾರು 2017 ಇರಬೇಕು. ಸೇಡಂ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗನ ಲ್ಯಾಪ್‌ಟಾಪ್, ಡಿಸ್ಕ್ ಸತ್ತಿತ್ತು. ಹೊಸ ಖಾಲಿ ಡಿಸ್ಕ್ ಹಾಕಿದೆ. ನನ್ನ ಹತ್ತಿರ ಇದ್ದದ್ದು ಬರೀ ಪ್ರೋ ಇರುವ ಪೆನ್‌ಡ್ರೈವ್. ಬೂಟ್ ಮಾಡಿದೆ. ವಿಂಡೋಸ್ ಹಾಕುವ ಸೆಟಪ್ ನಿಂತುಬಿಟ್ಟಿತು. ಕೊಟ್ಟಿರುವ ಪ್ರಾಡಕ್ಟ್ ಕೀ ಇಲ್ಲಿರುವ ವಿಂಡೋಸ್ ಇಮೇಜುಗಳಿಗೆ ಹೊಂದೋದಿಲ್ಲ, ಬೇರೆ ಕೀ ಕೊಡಿ ಅಂತ. ನಾನು ಕೀ ಕೊಟ್ಟೇ ಇರಲಿಲ್ಲ. ಡಿಸ್ಕ್ ಖಾಲಿ, ಪೆನ್‌ಡ್ರೈವಿನಲ್ಲೂ ಕೀ ಇಲ್ಲ. ಹಾಗಾದ್ರೆ ಯಾವ ಕೀ ಬಗ್ಗೆ ಹೇಳ್ತಿದೆ ಇದು? ಆವತ್ತು ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲೇ ಕೂತಿದ್ದೆ.

ವಿಂಡೋಸ್ 7 ಕಾಲದಲ್ಲಿ ಕೀ ಸ್ಟಿಕ್ಕರ್ ಮೇಲೆ ಇರ್ತಿತ್ತು, ಅಲ್ವಾ? ಬೆವರಿಗೆ ಅಳಿಸಿಹೋದ ಸ್ಟಿಕ್ಕರನ್ನು ಮೊಬೈಲ್ ಟಾರ್ಚ್ ಹಿಡಿದು ಓದಿದವರು ನಾವೆಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಯವರು ಆ ಕೀಯನ್ನು ಮದರ್‌ಬೋರ್ಡಿನ ಬಯೋಸ್ ಚಿಪ್‌ನಲ್ಲೇ, ಅಂದರೆ ಲ್ಯಾಪ್‌ಟಾಪನ್ನು ಎಬ್ಬಿಸುವ ಪ್ರೋಗ್ರಾಮ್ ಇರುವ ಚಿಪ್‌ನಲ್ಲೇ ಬರೆದು ಕಳಿಸುತ್ತಾರೆ. ಬಯೋಸ್ ವಿಂಡೋಸಿಗೆ ಕೊಡುವ ಮಾಹಿತಿ ಪಟ್ಟಿಗಳಿಗೆ ಎಸಿಪಿಐ ಕೋಷ್ಟಕ ಅಂತಾರೆ, ಅವುಗಳಲ್ಲಿ ಎಂಎಸ್‌ಡಿಎಂ ಅನ್ನೋದು ಒಂದು. ಕೀ ಇರೋದು ಅದರಲ್ಲೇ. ಇಡೀ ಕೋಷ್ಟಕ 85 ಬೈಟ್, ಕೊನೆಯ 29 ಬೈಟೇ ಕೀ. 25 ಅಕ್ಷರ, ನಡುವೆ ನಾಲ್ಕು ಗೆರೆ. ಸೆಟಪ್ ಬಂದ ತಕ್ಷಣ ಮೊದಲು ಅಲ್ಲಿಗೇ ಕೈ ಹಾಕುತ್ತದೆ. ಆ ಹುಡುಗನ ಬೋರ್ಡಿನಲ್ಲಿದ್ದದ್ದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಅನ್ನೋ ಎಡಿಷನ್ನಿನ ಕೀ. ನಾನು ಕೊಡುತ್ತಿದ್ದದ್ದು ಪ್ರೋ. ಹೊಂದೋದು ಹೇಗೆ?

ಅಲ್ಲಿಂದ ಇಲ್ಲಿಗೆ ನೆಟ್ಟಗೆ ಬಂದೆ ಅಂತಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಜೇವರ್ಗಿಯ ಒಬ್ಬ ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ. ಬಯೋಸ್ ಅಪ್‌ಡೇಟ್ ಮಾಡಲು ಹೋದೆ. ಬ್ಯಾಟರಿ ಸತ್ತಿತ್ತು, ಅಡಾಪ್ಟರ್ ಮೇಲೇ ಓಡುತ್ತಿತ್ತು. ಅರ್ಧಕ್ಕೆ ಕರೆಂಟ್ ಹೋಯಿತು. ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲಿ ಕರೆಂಟ್ ಹೋಗೋದು ಹೊಸದಲ್ಲ, ಆದರೂ ಯುಪಿಎಸ್‌ಗೆ ಹಚ್ಚಿರಲಿಲ್ಲ. ಲ್ಯಾಪ್‌ಟಾಪ್ ಕಲ್ಲಾಯಿತು. ಚಿಪ್ ಬರೆಯುವವರೊಬ್ಬರಿಗೆ ಕಳಿಸಿದೆ, 1,800 ರೂಪಾಯಿ ತಗೊಂಡರು. ಲ್ಯಾಪ್‌ಟಾಪ್ ಎದ್ದಿತು, ಕೀ ಇಲ್ಲ. ಅವರು ಅದೇ ಮಾಡೆಲ್ಲಿನ ಯಾವುದೋ ಚಿಪ್‌ನ ಡಂಪ್, ಅಂದರೆ ನಕಲು ಬರೆದಿದ್ದರು. ಸೀರಿಯಲ್ ನಂಬರ್ ಕೂಡ ಬೇರೆ ಯಾರದ್ದೋ.

ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಆನ್‌ಲೈನಿನಲ್ಲಿ 900 ರೂಪಾಯಿಗೆ ಸಿಗುತ್ತಿದ್ದ ಕೀ ಒಂದನ್ನು ಕೊಂಡು ಹಾಕಿದೆ. ಮೂರು ತಿಂಗಳಿಗೆ ಮೇಷ್ಟ್ರು ವಾಪಸ್ ಬಂದರು, ಪರದೆ ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಅನ್ನೋ ಬರಹ. ಸರಿಯಾದ ಕೀ ಕೊಳ್ಳಲು ಒಂಬತ್ತು ಹತ್ತು ಸಾವಿರ ಬೇಕಿತ್ತು. ಮೇಷ್ಟ್ರು ಒಂದು ಮಾತೂ ಜೋರು ಮಾಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. 2,000 ಅವರ ಕೈಗೆ ಕೊಟ್ಟು ಕಳಿಸಿದೆ. ಎಲ್ಲಾ ಸೇರಿ ಆ ಒಂದು ಲ್ಯಾಪ್‌ಟಾಪಿಗೆ ಐದು ಸಾವಿರದ ಹತ್ತಿರ ಹೋಯಿತು.

ಮರುವಾರವೇ ಚಿಪ್ ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ತರಿಸಿದೆ, ಕ್ಲಿಪ್ ಸೇರಿ ನಾನೂರರ ಸುಮಾರು. ಬಯೋಸ್ ಮುಟ್ಟುವ ಮುಂಚೆ ಚಿಪ್ ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇದೆಯಾ ಅಂತ ಹೋಲಿಸಿ ಎತ್ತಿಡುತ್ತೇನೆ. ಕ್ಲಿಪ್ ಕೂದಲೆಳೆ ಸರಿದರೂ ಎರಡನೇ ಓದು ಬೇರೆ ಬರುತ್ತದೆ. 1.8 ವೋಲ್ಟ್ ಚಿಪ್ ಇದ್ದರೆ ಅದಕ್ಕೆ ತಕ್ಕ 1.8 ವೋಲ್ಟ್ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಚ್ಚಲೇಬೇಡಿ. ಕೆಲವು ಬೋರ್ಡುಗಳ ಡಂಪನ್ನು, ಬೈಟ್ ಬೈಟ್ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆಗೆದರೆ ಕೀ ಬರಿಗಣ್ಣಿಗೇ ಕಾಣುತ್ತದೆ. ಅಕ್ಷರಗಳ ಸಾಲು, ನಡುವೆ ಗೆರೆಗಳು. ಮೊದಲ ಸಲ ಕಂಡಾಗ ಕಾಕಾನನ್ನು ಕರೆದು ತೋರಿಸಿದ್ದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಇದ್ರೂ ಇರಬಹುದು" ಅಂದು ಎದ್ದು ಹೋದರು.

ಈಗ 14 ಲ್ಯಾಪ್‌ಟಾಪಿಗೆ ಬರೋಣ.

ಡಿಸ್ಕ್ ಬಿಚ್ಚುವ ಮೊದಲು ಪ್ರತಿಯೊಂದನ್ನೂ ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ, ಅಂದರೆ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್ ಮೇಲೇ ಓಡುವ ಲಿನಕ್ಸಿನಿಂದ ಎಬ್ಬಿಸಿದೆ. ಅದರಲ್ಲಿ ಸಿಸ್ ಅನ್ನೋ ಫೋಲ್ಡರ್ ಒಳಗೆ ಫರ್ಮ್‌ವೇರ್, ಅದರೊಳಗೆ ಎಸಿಪಿಐ, ಅದರೊಳಗೆ ಟೇಬಲ್ಸ್. ಅಲ್ಲಿ ಎಂಎಸ್‌ಡಿಎಂ ಫೈಲ್ ಇದ್ದರೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಓದಿದರೆ ಮುಗೀತು. ವಿಂಡೋಸ್ ಒಳಗಿಂದಲೂ ಪವರ್‌ಶೆಲ್‌ನಲ್ಲಿ ಕಮಾಂಡ್ ಹಾಕಿ ಕೇಳಬಹುದು. ಆದರೆ ವೈರಸ್ ಇರುವ ವಿಂಡೋಸ್ ಯಾಕೆ ಎಬ್ಬಿಸಬೇಕು? ಮೂರರಲ್ಲಿ ಆ ಫೈಲೇ ಇರಲಿಲ್ಲ. ಅವು ಡಾಸ್ ಅಂತ, ಅಂದರೆ ವಿಂಡೋಸ್ ಇಲ್ಲದೆ ಮಾರಿದವು, ಆಗ ಮೂರು ನಾಲ್ಕು ಸಾವಿರ ಕಮ್ಮಿ ಸಿಕ್ಕಿದೆ ಅಂತ ತಂದಿದ್ದಾರೆ. ಸೆಂಟರಿನವರಿಗೆ ಆಗಲೇ ಫೋನ್ ಮಾಡಿ ಹೇಳಿದೆ. ಆ ಮೂರಕ್ಕೆ ಲಿನಕ್ಸ್ ಹಾಕಿಕೊಟ್ಟೆ, ಮಕ್ಕಳ ಟೈಪಿಂಗ್ ಕ್ಲಾಸಿಗೆ ಸಾಕು. ಉಳಿದ 11ರಲ್ಲಿ ಕೀ ಇತ್ತು.

ಪೆನ್‌ಡ್ರೈವಿನಲ್ಲಿ ಎಲ್ಲಾ ಎಡಿಷನ್ ಇರುವ, ಮೈಕ್ರೋಸಾಫ್ಟಿನಿಂದ ನೇರ ಇಳಿಸಿದ ಐಎಸ್‌ಒ (ಇಡೀ ಸೆಟಪ್ ಇರುವ ಫೈಲ್) ಇರಬೇಕು. ಯಾರೋ ಕೊಟ್ಟ "ಪ್ರೋ ಲೈಟ್" ಗೀಟ್ ಬೇಡ. ಸೋರ್ಸಸ್ ಫೋಲ್ಡರಿನಲ್ಲಿ ಇಐ ಡಾಟ್ ಸಿಎಫ್‌ಜಿ ಅಂತ ಫೈಲ್ ಇದ್ದರೆ ಅದನ್ನೂ ಅಳಿಸಿಬಿಡಿ. ಸರಿ ಇದ್ದರೆ ಸೆಟಪ್ ಯಾವ ಎಡಿಷನ್ ಅಂತ ಕೇಳೋದೇ ಇಲ್ಲ, ಕೀನೂ ಕೇಳೋದಿಲ್ಲ. ಆ ಎರಡು ಪ್ರಶ್ನೆ ಬರದೇ ಹೋದರೆ ನಾನು ಚಹಾ ತರಿಸುತ್ತೇನೆ, ಅರ್ಧ ಕೆಲಸ ಆಯಿತು ಅಂತಲೇ ಲೆಕ್ಕ. ಇಂಟೆಲ್ ಹನ್ನೊಂದನೇ ಜನರೇಷನ್ನಿನ ಲ್ಯಾಪ್‌ಟಾಪ್ ಒಂದಿತ್ತು, ಅದರಲ್ಲಿ ಸೆಟಪ್‌ಗೆ ಡಿಸ್ಕೇ ಕಾಣಲಿಲ್ಲ. ಡಿಸ್ಕ್ ಕಾಣಿಸಲು ಬೇಕಾದ ಇಂಟೆಲ್ ವಿಎಂಡಿ ಡ್ರೈವರ್ ಕೊಟ್ಟ ಮೇಲೆ ಬಂತು.

ಸುಮ್ನೆ ಒಂದು ಪ್ರಯೋಗ ಕೂಡ ಮಾಡಿದೆ. ಹಳೇ ಯುಎಸ್‌ಬಿ 2 ಪೆನ್‌ಡ್ರೈವಿನಿಂದ ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹಳೇ 120 ಜಿಬಿ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ಅದರಿಂದ ಬೂಟ್ ಮಾಡಿದೆ, ಹತ್ತು ಹನ್ನೆರಡು ನಿಮಿಷ. ಮಧ್ಯಾಹ್ನ ಅಂಗಡಿಯಲ್ಲಿ 43 ಡಿಗ್ರಿ, ತಗಡಿನ ಮೇಲ್ಛಾವಣಿ. ಫ್ಯಾನ್ ಧೂಳು ಕಟ್ಟಿದ ಲ್ಯಾಪ್‌ಟಾಪುಗಳು ಆ ಸೆಕೆಗೆ ಇನ್ನೂ ನಿಧಾನ. ಬೆಳಿಗ್ಗೆ ಆರಕ್ಕೆ ಅಂಗಡಿ ತೆಗೆದು ಅದೇ ಕೆಲಸ ಮಾಡಿದರೆ ಒಂದೊಂದಕ್ಕೆ ನಾಲ್ಕೈದು ನಿಮಿಷ ಉಳಿಯಿತು. ಮೂರು ದಿನ ಹಾಗೇ ಮಾಡಿದೆ. ಮಾರ್ಕೆಟಿನಲ್ಲಿ ಆ ಹೊತ್ತಿಗೆ ಸೊಪ್ಪು ಮಾರುವವರು ಮತ್ತು ನಾನು, ಅಷ್ಟೇ.

ಹತ್ತು ಲ್ಯಾಪ್‌ಟಾಪ್ ನೆಟ್ ಹಚ್ಚಿದ ಕೂಡಲೇ ಆಕ್ಟಿವೇಟ್ ಆದವು. ಹನ್ನೊಂದನೆಯದು ಆಗಲಿಲ್ಲ. ಕಾಕಾ ಬಾಗಿಲಲ್ಲೇ ನಿಂತಿದ್ದರು. ಎರಡು ಸಲ ಫಾರ್ಮ್ಯಾಟ್ ಹೊಡೆದೆ. ಬೇರೆ ಇಂಟರ್ನೆಟ್ ಹಚ್ಚಿದೆ. ಅರ್ಧ ದಿನ ಹೋಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಮೂಲೆಯ ಗಡಿಯಾರ. ತಾರೀಖು ಹತ್ತು ವರ್ಷ ಹಿಂದೆ ಇತ್ತು. ಬೋರ್ಡಿನ ಗಡಿಯಾರ ನಡೆಸುವ ಸಿಮಾಸ್ ಸೆಲ್ ಸತ್ತಿತ್ತು. 30 ರೂಪಾಯಿ ಸೆಲ್ ಹಾಕಿ, ತಾರೀಖು ಸರಿ ಮಾಡಿ ಮತ್ತೆ ಒತ್ತಿದೆ. ಲೈಸೆನ್ಸ್ ತೋರಿಸುವ ಎಸ್‌ಎಲ್‌ಎಂಜಿಆರ್ ಕಮಾಂಡ್ ಹಾಕಿದಾಗ ಒಇಎಂ ಡಿಎಂ ಚಾನಲ್ (ಅಂದರೆ ಬೋರ್ಡಿನದ್ದೇ ಕೀ), ಲೈಸೆನ್ಸ್ಡ್ ಅಂತ ಬಂತು. ಕ್ರ್ಯಾಕ್ ಹಾಕಿದ್ದರಲ್ಲಿ ಅದೇ ಜಾಗದಲ್ಲಿ ಹೆಚ್ಚಾಗಿ ವಾಲ್ಯೂಮ್ ಕೆಎಂಎಸ್ (ದೊಡ್ಡ ಸಂಸ್ಥೆಗಳ ಲೈಸೆನ್ಸ್) ಅಂತ ಇರುತ್ತದೆ, ನೋಡಿರ್ತೀರಿ.

ದುಡ್ಡಿನ ಮಾತು. 256 ಜಿಬಿ ಎಸ್‌ಎಸ್‌ಡಿ ಆಗ ಒಂದಕ್ಕೆ ಸಾವಿರದ ಐನೂರರ ಸುಮಾರು ಬಿತ್ತು. ಕೂಲಿ ಒಂದಕ್ಕೆ 500 ತಗೊಂಡೆ. ಮಾರ್ಕೆಟಿನಲ್ಲಿ ಕ್ರ್ಯಾಕ್ ಹಾಕಿ 300 ತಗೋತಾರೆ. ಆ 200 ಜಾಸ್ತಿ ಕೊಡಲು ಯಾರೂ ತಕರಾರು ಮಾಡಿಲ್ಲ, ಸ್ವಂತ ಕೀ ಪರದೆ ಮೇಲೆ ತೋರಿಸಿದರೆ ಸಾಕು. ಅದೇ ಸೆಂಟರಿನಿಂದ ಆಮೇಲೆ ಇನ್ನೂ ಆರು ಬಂದವು, ಆಳಂದದ ಅವರ ಬ್ರಾಂಚಿನವು.

ಎರಡು ವಿಷಯ ಗಿರಾಕಿಗೆ ಮೊದಲೇ ಹೇಳಿಬಿಡಿ. ಬೋರ್ಡ್ ಬದಲಾಯಿಸಿದ್ದರೆ ಹಳೇ ಕೀ ಹಳೇ ಬೋರ್ಡಿನ ಜೊತೆ ಹೋಗಿದೆ. ಇನ್ನು ವಿಂಡೋಸ್ 8 ಕೀ ಇರುವ ಹಳೇ ಲ್ಯಾಪ್‌ಟಾಪುಗಳು. ಮೊದಲು ಆ ಕೀಗೇ ವಿಂಡೋಸ್ 10 ಆಕ್ಟಿವೇಟ್ ಆಗುತ್ತಿತ್ತು, 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿತು. ಅಂಥವು ಬಂದರೆ ನಾನು ಕೆಲಸ ಹಿಡಿಯುವ ಮುಂಚೆಯೇ ಹೇಳುತ್ತೇನೆ.

ಕ್ರ್ಯಾಕ್ ಪ್ರೋ ಇರುವ ಲ್ಯಾಪ್‌ಟಾಪನ್ನು ಫೈಲ್, ಟ್ಯಾಲಿ, ನುಡಿ ಯಾವುದೂ ಕಳೆಯದೆ ಹೋಮ್‌ಗೆ ಇಳಿಸಿ ಸ್ವಂತ ಕೀಗೆ ತರುವ ದಾರಿಯೂ ನನ್ನ ಹತ್ತಿರ ಇದೆ. ಸುಮ್ನೆ ಹೋಮ್ ಕೀ ಒತ್ತಿದರೆ ಆಗೋದಿಲ್ಲ, ನೀವೂ ನೋಡಿರ್ತೀರಿ. ಅದನ್ನು ಇಲ್ಲಿ ಬರೆಯೋದಿಲ್ಲ, ಅಂಗಡಿ ಅದರ ಮೇಲೂ ನಡೀಬೇಕು. ಗೊತ್ತಿರುವವರಿಗೆ ರಿಜಿಸ್ಟ್ರಿ ಅಂದರೆ ಸಾಕು.

ನನ್ನ ಹತ್ತಿರ ಈಗ ಒಂದು ಉದ್ದ ರಿಜಿಸ್ಟರ್ ಇದೆ. ಲ್ಯಾಪ್‌ಟಾಪ್ ಮಾಡೆಲ್, ತಾರೀಖು, ಬೋರ್ಡಿನ ಕೀಯ ಕೊನೆಯ ಐದು ಅಕ್ಷರ. ಇಪ್ಪತ್ತನೇ ಪುಟಕ್ಕೆ ಬಂದಿದ್ದೇನೆ. ಹೋದ ವಾರ ಕಾಕಾ ಒಂದು ಲ್ಯಾಪ್‌ಟಾಪ್ ಕಳಿಸಿದರು, ಜೊತೆಗೆ ಹುಡುಗನ ಕೈಯಲ್ಲಿ ಚೀಟಿ: "ಡಿಸ್ಕ್ ಹೋಗ್ಯದ. ಬೋರ್ಡಿನ್ಯಾಗ ಅದ ಏನು ನೋಡು."

ಇತ್ತು. ಹೋಮ್ ಸಿಂಗಲ್ ಲ್ಯಾಂಗ್ವೇಜ್.