ಕಾರ್ಡಿನ ಪಾಯಿಂಟ್ ಯಾರಿಗೋ ಮಾರಬೇಡಿ, ನಿಮ್ಮ ಬಿಲ್ಲಿಗೇ ಜಮಾ ಮಾಡಿಸಿ

ಚಿಕ್ಕಮಗಳೂರಿನ ಐಜಿ ರಸ್ತೆ ಪಕ್ಕದ ಓಣಿಯಲ್ಲಿ ನನ್ನ ಗೆಳೆಯರೊಬ್ಬರ ಅಂಗಡಿ ಇದೆ. ತೋಟದ ಕಳೆ ಕತ್ತರಿಸುವ ಮಷಿನ್, ಸ್ಪ್ರೇಯರ್‌ಗಳ ಬಿಡಿಭಾಗ ಮಾರುತ್ತಾರೆ. ಹೋದ ತಿಂಗಳು ಹೋದಾಗ ಫೋನ್ ಮುಂದೆ ಹಿಡಿದರು. ‘ನೋಡಿ, ನನ್ನ ಕ್ರೆಡಿಟ್ ಕಾರ್ಡ್ ಪಾಯಿಂಟ್‌ಗೆ ಗಿರಾಕಿ ಸಿಕ್ಕಿದ್ದಾನೆ’ ಎಂದರು. ಕಾರ್ಡಿನಲ್ಲಿ ಖರ್ಚು ಮಾಡಿದಾಗ ಬಹುಮಾನವಾಗಿ ಸಿಗುವ ಪಾಯಿಂಟ್ ಅದು. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಬರೆದಿದ್ದ: 12,400 ಪಾಯಿಂಟ್‌ಗೆ 1,500 ರೂಪಾಯಿ, ಈಗಲೇ ಯುಪಿಐ ಮಾಡ್ತೀನಿ, ಒಂದು ಒಟಿಪಿ ಹೇಳಿದರೆ ಸಾಕು.

ಕೌಂಟರ್ ಪಕ್ಕದಲ್ಲೇ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಅವರದ್ದು ಎಸ್‌ಬಿಐ ಕಾರ್ಡ್. ಅದರಲ್ಲಿ 4 ಪಾಯಿಂಟ್‌ಗೆ 1 ರೂಪಾಯಿ. ಅಂದರೆ 12,400 ಪಾಯಿಂಟ್‌ಗೆ 3,100 ರೂಪಾಯಿ. ಪಾಯಿಂಟ್ ಬಳಸಿಕೊಳ್ಳಲು 99 ರೂಪಾಯಿ ಶುಲ್ಕ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ, ಒಟ್ಟು 116 ರೂಪಾಯಿ 82 ಪೈಸೆ. ಅದನ್ನು ಕಳೆದರೂ ಕೈಗೆ 2,983 ರೂಪಾಯಿ ಉಳಿಯುತ್ತದೆ. ವಾಟ್ಸ್‌ಆ್ಯಪ್ ಗಿರಾಕಿ ಕೊಡುವುದಾಗಿ ಹೇಳಿದ್ದು ಅದರ ಅರ್ಧ. ಅದೂ ಕೊಟ್ಟರೆ.

ನಮ್ಮ ಊರಿನಲ್ಲಿ ಇಂಥ ಪಾಯಿಂಟ್ ಸುಮ್ನೆ ಬಿದ್ದಿರುವ ಕಾರ್ಡುಗಳು ಎಷ್ಟೋ ಇವೆ. ಅದಕ್ಕೇ ಪಾಯಿಂಟನ್ನು ಹಣ ಮಾಡಿಕೊಳ್ಳುವ ಸರಿಯಾದ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲು ಎಷ್ಟು ಪಾಯಿಂಟ್ ಇದೆ ಎಂದು ನೋಡಿ. ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಕಟ್ಟಬೇಕಾದ ಮೊತ್ತ ನೋಡಿ ಮುಚ್ಚಿಬಿಡುತ್ತೇವೆ, ಅಲ್ವಾ? ಅದೇ ಸ್ಟೇಟ್‌ಮೆಂಟ್‌ನಲ್ಲಿ ರಿವಾರ್ಡ್ ಪಾಯಿಂಟ್ ಎಂಬ ಸಣ್ಣ ಚೌಕ ಇರುತ್ತದೆ. ಹಿಂದಿನ ಬಾಕಿ, ಈ ತಿಂಗಳು ಬಂದದ್ದು, ಬಳಸಿದ್ದು, ಅವಧಿ ಮುಗಿಯಲಿರುವುದು ಎಲ್ಲವೂ ಅಲ್ಲೇ. ಆ ಕೊನೆಯ ಅಂಕಿಯನ್ನು ತಪ್ಪದೆ ನೋಡಿ. ಎಚ್‌ಡಿಎಫ್‌ಸಿ, ಎಸ್‌ಬಿಐನ ಬಹುತೇಕ ಕಾರ್ಡುಗಳಲ್ಲಿ ಪಾಯಿಂಟ್‌ಗೆ ಎರಡು ವರ್ಷ ಆಯಸ್ಸು. ನಾನು ಇದನ್ನು ಗಮನಿಸದೆ ಒಮ್ಮೆ 6,000ಕ್ಕೂ ಜಾಸ್ತಿ ಪಾಯಿಂಟ್ ಕಳೆದುಕೊಂಡೆ. ಈಗಲೂ ಅದರ ಬೇಸರ ಹೋಗಿಲ್ಲ.

ಎರಡನೆಯದು, ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಎಂದು ತಿಳಿದುಕೊಳ್ಳುವುದು. ಹತ್ತು ಸಾವಿರ ಪಾಯಿಂಟ್ ಅಂದ ತಕ್ಷಣ ಹತ್ತು ಸಾವಿರ ರೂಪಾಯಿ ಎಂದುಕೊಳ್ಳುವವರು ಬಹಳ. ಹಾಗಲ್ಲ. ಪಾಯಿಂಟ್‌ನ ಬೆಲೆ ಕಾರ್ಡಿನಿಂದ ಕಾರ್ಡಿಗೆ ಬೇರೆ. ಒಂದೇ ಕಾರ್ಡಿನಲ್ಲೂ ನೀವು ಯಾವುದಕ್ಕೆ ಬಳಸುತ್ತೀರಿ ಅನ್ನುವುದರ ಮೇಲೆ ಬೇರೆ. ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್ ಕಾರ್ಡನ್ನೇ ತೆಗೆದುಕೊಳ್ಳಿ. ಬಿಲ್ಲಿಗೆ ಜಮಾ ಮಾಡಿಸಿದರೆ ಒಂದು ಪಾಯಿಂಟ್‌ಗೆ 20 ಪೈಸೆ. ಅದೇ ಬ್ಯಾಂಕಿನ ಸ್ಮಾರ್ಟ್‌ಬೈ ತಾಣದಲ್ಲಿ ವಿಮಾನ ಅಥವಾ ಹೋಟೆಲ್ ಬುಕ್ ಮಾಡಿದರೆ 50 ಪೈಸೆ. ಹತ್ತು ಸಾವಿರ ಪಾಯಿಂಟ್ ಒಂದು ಕಡೆ 2,000, ಇನ್ನೊಂದು ಕಡೆ 5,000.

ಹಾಗಂತ ಎಲ್ಲರೂ ವಿಮಾನದ ಹಿಂದೆ ಓಡಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ವಿಮಾನ ಹತ್ತುವ ಜಾಗವೇ ಇಲ್ಲ. ಶಿವಮೊಗ್ಗಕ್ಕೋ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ, ಇಲ್ಲ ಬೆಂಗಳೂರಿಗೋ ಹೋಗಬೇಕು. ಮಗಳು ಮುಂಬೈಯಲ್ಲಿದ್ದಾಳೆ, ವರ್ಷಕ್ಕೊಮ್ಮೆ ಹೇಗೂ ಹೋಗುತ್ತೀರಿ ಅಂದರೆ ಟಿಕೆಟ್‌ಗೇ ಬಳಸಿ, ಅದೇ ಲಾಭ. ಪಾಯಿಂಟ್ ಇದೆ ಅಂತ ಇಲ್ಲದ ಪ್ರಯಾಣ ಹುಟ್ಟಿಸಿಕೊಂಡರೆ ಕೈಯಿಂದಲೇ ಜಾಸ್ತಿ ಖರ್ಚು. ಪ್ರಯಾಣ ಇಲ್ಲದವರಿಗೆ 20 ಪೈಸೆಯ ಜಮಾ ಸಾಕು. ಗಿಫ್ಟ್ ವೋಚರ್ ಕೂಡ ಹೀಗೇ. ಪ್ರತಿ ತಿಂಗಳು ದಿನಸಿ ತರುವ ಅಂಗಡಿಯ ವೋಚರ್ ಸಿಕ್ಕರೆ ಅದು ನಗದಿಗೆ ಸಮ. ಹೆಸರೇ ಕೇಳದ ಬ್ರ್ಯಾಂಡ್‌ನ ವೋಚರ್ ಆದರೆ ಬೇಡ.

ಇನ್ನು ಜಮಾ ಮಾಡಿಸುವ ಕೆಲಸ. ಬ್ಯಾಂಕಿನ ಆ್ಯಪ್ ತೆರೆದು, ಕಾರ್ಡ್ ವಿಭಾಗದಲ್ಲಿ ರಿವಾರ್ಡ್ಸ್ ಒತ್ತಿ. ರಿಡೀಮ್ ಎಂದಿರುತ್ತದೆ. ಅದರೊಳಗೆ ಸ್ಟೇಟ್‌ಮೆಂಟ್ ಕ್ರೆಡಿಟ್ (ಅಂದರೆ ಬಿಲ್ಲಿಗೆ ಜಮಾ) ಅಥವಾ ಕ್ಯಾಶ್‌ಬ್ಯಾಕ್ ಎಂಬ ಆಯ್ಕೆ. ಎಷ್ಟು ಪಾಯಿಂಟ್ ಎಂದು ತುಂಬಿ. ಫೋನಿಗೆ ಬರುವ ಒಟಿಪಿಯನ್ನು ನೀವೇ ಅದೇ ಆ್ಯಪ್‌ನಲ್ಲಿ ಹಾಕಿ. ಶುಲ್ಕ ಪ್ರತಿ ಸಲಕ್ಕೂ ಬೀಳುವುದರಿಂದ ಸ್ವಲ್ಪ ಸ್ವಲ್ಪ ತೆಗೆಯಬೇಡಿ. 500 ರೂಪಾಯಿಗೆ 117 ಶುಲ್ಕ ಕೊಡುವುದು ನಷ್ಟ, 3,000ಕ್ಕೆ ಕೊಡುವುದು ಪರವಾಗಿಲ್ಲ. ಆ್ಯಪ್ ತಲೆನೋವು ಅನಿಸಿದರೆ ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ನಂಬರ್‌ಗೆ ನೀವೇ ಫೋನ್ ಮಾಡಿ ಕೇಳಿ.

‘ಇದು ನಗದು ಎಲ್ಲಿ ಆಯ್ತು? ಬಿಲ್ಲಿಗೆ ತಾನೇ ಹೋಯ್ತು’ ಎಂದು ನನ್ನ ಗೆಳೆಯರೂ ಕೇಳಿದರು. ಅವರ ಆ ತಿಂಗಳ ಬಿಲ್ 8,640 ರೂಪಾಯಿ. 3,100 ಜಮಾ ಆದ ಮೇಲೆ ಕಟ್ಟಬೇಕಾದದ್ದು 5,540. ಉಳಿದ 3,100 ಅವರ ಉಳಿತಾಯ ಖಾತೆಯಲ್ಲೇ ಉಳಿಯಿತು. ಎಟಿಎಂನಿಂದ ತೆಗೆದರೆ ಅದೇ ನಗದು. ಶುಲ್ಕ ಬೇರೆ ಸಾಲಿನಲ್ಲಿ ಬರುತ್ತದೆ, ಗಾಬರಿ ಬೇಡ. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಈ ಜಮಾವನ್ನು ಸಾಮಾನ್ಯವಾಗಿ ನೀವು ಕಟ್ಟಿದ ಕನಿಷ್ಠ ಬಾಕಿ ಎಂದು ಲೆಕ್ಕ ಹಾಕುವುದಿಲ್ಲ. ಪಾಯಿಂಟ್ ಹಾಕಿದ್ದೇನಲ್ಲ ಎಂದು ಕೂತರೆ ದಂಡ, ಬಡ್ಡಿ ಎರಡೂ ಬೀಳುತ್ತವೆ. ಬಾಕಿ ಮೊತ್ತವನ್ನು ಕೊನೇ ದಿನಾಂಕದೊಳಗೆ ಕಟ್ಟಿ.

ಈಗ ಆ ವಾಟ್ಸ್‌ಆ್ಯಪ್ ಗಿರಾಕಿಯ ವಿಷಯ. ಪಾಯಿಂಟನ್ನು ಹೊರಗಿನವರಿಗೆ ಮಾರಬಾರದು, ವರ್ಗಾಯಿಸಬಾರದು ಎಂದು ಕಾರ್ಡಿನ ಷರತ್ತುಗಳಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಗೊತ್ತಾದರೆ ಪಾಯಿಂಟ್ ರದ್ದಾಗಬಹುದು, ಕಾರ್ಡೇ ಬಂದ್ ಆಗಬಹುದು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ನಿಮ್ಮ ಪಾಯಿಂಟ್ ಕೊಳ್ಳಲು ಅವನು ನಿಮ್ಮ ಖಾತೆಯೊಳಗೆ ಬರಲೇಬೇಕು. ಲಾಗಿನ್, ಕಾರ್ಡ್ ನಂಬರ್, ಒಟಿಪಿ, ಇಷ್ಟು ಸಿಕ್ಕವನಿಗೆ ಪಾಯಿಂಟ್ ಮಾತ್ರ ಯಾಕೆ ಬೇಕು? ಕಾರ್ಡಿನ ಪೂರ್ತಿ ಮಿತಿಯೇ ಕಣ್ಣೆದುರು ಇರುತ್ತದೆ. ‘ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ಬರುವ ಎಪಿಕೆ ಫೈಲ್‌ಗಳೂ (ಪ್ಲೇ ಸ್ಟೋರ್‌ನ ಹೊರಗಿನಿಂದ ಫೋನಿಗೆ ಹಾಕುವ ಆ್ಯಪ್) ಇದೇ ಜಾತಿ. ಅದನ್ನು ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್‌ಗಳನ್ನೆಲ್ಲ ದೂರದಲ್ಲಿ ಕೂತವನು ಓದುತ್ತಾನೆ.

ಮೋಸ ಹೋದರೆ ಬ್ಯಾಂಕ್ ಕೊಡುತ್ತದೆ ಅನ್ನುವ ಧೈರ್ಯವೂ ಇಲ್ಲಿ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿಯಮದಂತೆ, ಗ್ರಾಹಕರೇ ಗುಟ್ಟಿನ ವಿವರ ಹಂಚಿಕೊಂಡು ಹಣ ಹೋದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದೇ. ಹಾಗಾಗಿ ಈಗಾಗಲೇ ಒಟಿಪಿ ಹೇಳಿಬಿಟ್ಟಿದ್ದರೆ ನಾಚಿಕೆಪಡುತ್ತಾ ಕೂರಬೇಡಿ. ಆ ನಿಮಿಷವೇ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಚಿಕ್ಕಮಗಳೂರು, ಹಾಸನ ಎರಡೂ ಕಡೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ, ಸೈಬರ್ ದೂರು ಅಲ್ಲಿ ಕೊಡಬಹುದು.

ವಾರ್ಷಿಕ ಶುಲ್ಕ ಜಾಸ್ತಿ ಎಂದು ಕಾರ್ಡನ್ನೇ ಮುಚ್ಚಲು ಹೊರಟವರು ಮೊದಲು ಪಾಯಿಂಟ್ ಖಾಲಿ ಮಾಡಿ, ಆಮೇಲೆ ಅರ್ಜಿ ಹಾಕಿ. ಕಾರ್ಡ್ ಮುಚ್ಚಿದ ಮೇಲೆ ಉಳಿದ ಪಾಯಿಂಟ್ ಸಾಮಾನ್ಯವಾಗಿ ಹೋದ ಹಾಗೆಯೇ. ಬಾಕಿ ಏನೂ ಇಲ್ಲದಿದ್ದರೆ ಅರ್ಜಿ ಕೊಟ್ಟ 7 ಕೆಲಸದ ದಿನದೊಳಗೆ ಕಾರ್ಡ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ.

ಕೊನೆಗೆ, ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಜಮಾ ಆಗಿದೆಯೇ ನೋಡಿ. ರಿಡೀಮ್ ಮಾಡಿದ ದಿನದ ಸ್ಕ್ರೀನ್‌ಶಾಟ್ ಅಲ್ಲಿಯವರೆಗೆ ಇಟ್ಟುಕೊಂಡಿರಿ. ಪಾಯಿಂಟ್ ಹೋಗಿದೆ, ಹಣ ಬಂದಿಲ್ಲ ಅಂದರೆ ಕಾರ್ಡ್ ಕೊಟ್ಟವರಿಗೇ ಮೊದಲು ಬರಹದಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಇತ್ಯರ್ಥ ಮಾಡುವ ಅಧಿಕಾರಿ) ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಅದಕ್ಕೆ ಖರ್ಚಿಲ್ಲ. ಹೇಗೆ ಹಾಕುವುದು ಎಂದು ಕೇಳಲು 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.