ಮಳೆ ದಿನಕ್ಕೂ ಸಂಬಳ ಕೊಟ್ಟೆ, ಕೊನೆಗೌಡರು ಉಳಿದರು

ಮಳೆ ಬಂದು ಕೆಲಸ ನಿಂತ ದಿನಕ್ಕೂ, ಅಡಿಕೆ ಮರ ಹತ್ತಿ ಮದ್ದು ಹೊಡೆಯುವ, ಕೊನೆ ಇಳಿಸುವ ಕೊನೆಗೌಡರಿಗೆ ದುಡ್ಡು ಕೊಡುತ್ತೇನೆ ಅಂದಾಗ ಪಕ್ಕದ ಮನೆ ಭಾವ ನಕ್ಕಿದ್ದ. "ಜಗಲಿ ಮೇಲೆ ಎಲೆಯಡಿಕೆ ಕವಳ ಹಾಕ್ಕೊಂಡು ಕೂತವರಿಗೂ ಸಂಬಳವಾ? ತೋಟ ಮಾರಬೇಕಾಗ್ತದೆ ನೋಡು." ನಾಲ್ಕು ಮಳೆಗಾಲ ಕಳೆಯಿತು. ತೋಟ ಇದ್ದಲ್ಲೇ ಇದೆ. ಒಂಬತ್ತು ಜನರ ತಂಡದಲ್ಲಿ ಏಳು ಜನ ಹಳಬರೇ. ಭಾವನ ತೋಟ ಈಗ ನಾವು ಕೆಲಸ ಮಾಡುವ ತೋಟಗಳ ಪಟ್ಟಿಯಲ್ಲಿ ಹದಿನೈದನೆಯದು.

ನಾನಿರುವುದು ಶಿರಸಿಯ ಹುಲೇಕಲ್ ಕಡೆ. ನನ್ನ ಎರಡೂವರೆ ಎಕರೆಗೆ ತಂಡ ಕಟ್ಟಿದರೆ ಗಿಟ್ಟುವುದಿಲ್ಲ. ಹಾಗಾಗಿ ಆಸುಪಾಸಿನ ತೋಟಗಳಿಗೆ ಕೊಳೆರೋಗದ ಮದ್ದು ಹೊಡೆಯುವುದು, ಕೊನೆಕೊಯ್ಲು ಎರಡನ್ನೂ ವಹಿಸಿಕೊಳ್ಳುತ್ತೇನೆ. ತೋಟದವರು ನನಗೆ ಕೊಡುತ್ತಾರೆ, ನಾನು ಹುಡುಗರಿಗೆ ವಾರ ವಾರ ಬಟವಾಡೆ ಮಾಡುತ್ತೇನೆ.

ಶುರು ಮಾಡಿದ್ದು 2019ರಲ್ಲಿ, ಎಲ್ಲರೂ ಮಾಡುವ ಹಾಗೆ ಮುಂಗಡ ಕೊಟ್ಟು. ಆರು ಜನರಿಗೆ ಹತ್ತರಿಂದ ಹದಿನೈದು ಸಾವಿರ. ದೀಪಾವಳಿ ಹೊತ್ತಿಗೆ ನಾಲ್ವರು ಇಲ್ಲ. ಒಬ್ಬ ಗೋವಾದಲ್ಲಿದ್ದಾನೆ ಅಂತ ಸುದ್ದಿ ಬಂತು, ದುಡ್ಡು ಬರಲಿಲ್ಲ. ಐವತ್ತು ಸಾವಿರದ ಮೇಲೆ ಕಳೆದುಕೊಂಡೆ.

2020ರಲ್ಲಿ ಕೊರೊನಾಕ್ಕೆ ಊರಿಗೆ ಬಂದ ಹುಡುಗರು ಸಿಕ್ಕರು. ಆಗ ನನಗೆ ಆಫೀಸಿನ ಹುಚ್ಚು. ಓದಿದ ಹುಡುಗನೊಬ್ಬನನ್ನು ಸೂಪರ್‌ವೈಸರ್ ಮಾಡಿದೆ. ಹಾಜರಿಗೆ ದಿನಾ ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಅಂದೆ. ತೋಟ ಇರುವುದು ಕಣಿವೆಯಲ್ಲಿ, ಅಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಸೂಪರ್‌ವೈಸರ್ ಕೆಳಗೆ ನಿಂತು "ಆ ಮರ ಬಿಟ್ಟೆ, ಈ ಮರ ಬಿಟ್ಟೆ" ಅಂತ ಕೂಗುತ್ತಿದ್ದ. ಮೂರನೇ ದಿನ ಹಿರಿಯ ಗೌಡರು ಸುಮ್ನೆ ಇಳಿದು ಬಂದರು. ಕವಳದ ಸಂಚಿ ಬಿಚ್ಚಿದರು. ಒಂದು ತಾಸು ಯಾರೂ ಮಾತಾಡಲಿಲ್ಲ, ಯಾರೂ ಮರ ಹತ್ತಲಿಲ್ಲ. ಸೂಪರ್‌ವೈಸರ್‌ಗೆ ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿದೆ.

ಮರು ವರ್ಷ ಆ ಗೌಡರನ್ನೇ ಕೇಳಿದೆ, ಏನು ಮಾಡಿದರೆ ನಿಲ್ಲುತ್ತೀರಿ ಅಂತ. "ಹೆಗಡೇರೇ, ಮರ ಜಾರ್ತದೋ ಇಲ್ವೋ ಅನ್ನೂದು ಹತ್ತಿದವಂಗೆ ಗೊತ್ತು. ಅದೊಂದು ನಮಗೆ ಬಿಡಿ. ಮತ್ತೆ ಆಷಾಢದಾಗೆ ಒಲೆ ಉರೀಬೇಕು." ಇಷ್ಟೇ ಹೇಳಿದ್ದು.

ಎರಡನ್ನೂ ಒಪ್ಪಿದೆ. ನಾಳೆ ಯಾವ ತೋಟ, ಎಷ್ಟು ಹೊತ್ತಿಗೆ, ಹತ್ತುವುದೋ ಬೇಡವೋ, ಎಲ್ಲಾ ಅವರದ್ದೇ ತೀರ್ಮಾನ. ತೋಟದವರ ಬೈಗುಳ ಕೇಳುವುದು ಮಾತ್ರ ನನ್ನ ಕೆಲಸ. ದಿನಗೂಲಿ ಆಗ ಸಾವಿರ ಇತ್ತು. ಮಳೆಯಿಂದ ಕೂತ ದಿನಕ್ಕೆ 400 ಗೊತ್ತು ಮಾಡಿದೆ. 2021ರಲ್ಲಿ ಏಳು ಜನ, ಹದಿನೆಂಟೋ ಹತ್ತೊಂಬತ್ತೋ ದಿನ ಕೂತರು. ಸುಮಾರು 50 ಸಾವಿರ ಹೋಯಿತು. 200 ಲೀಟರಿನ ಒಂದು ಬ್ಯಾರಲ್ ಮದ್ದಿಗೆ 100 ರೂಪಾಯಿ ಜಾಸ್ತಿ ಹಾಕಿದ್ದರಿಂದ 30 ಸಾವಿರ ವಾಪಸ್ ಬಂತು. ಉಳಿದದ್ದು ಕೈಯಿಂದ. ಇಬ್ಬರು ತೋಟದವರು ರೇಟು ಜಾಸ್ತಿ ಅಂತ ಬಿಟ್ಟೂ ಹೋದರು. ಮರು ವರ್ಷ 150 ಮಾಡಿದೆ, ಲೆಕ್ಕ ಸರಿಹೋಯಿತು. ಬಿಟ್ಟುಹೋದ ಇಬ್ಬರಲ್ಲಿ ಒಬ್ಬರು ತಿರುಗಿ ಬಂದರು.

ಮೊದಲು ಯಾರ ತೋಟ ಎಂಬ ಜಗಳ ಬಾರದಂತೆ ಒಂದು ಉಪಾಯ ಇಟ್ಟುಕೊಂಡಿದ್ದೇವೆ. ಇಲ್ಲಿ ಬರೆದರೆ ತೋಟದವರೂ ಓದುತ್ತಾರೆ, ಬೇಡ.

ಜಾತ್ರೆಯ ಕಥೆ ಬೇರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸರಿಯಾಗಿ ನಮ್ಮ ಕೊಯ್ಲು ಮುಗಿಯುವ ಹೊತ್ತಿಗೇ ಬರುತ್ತದೆ. 2022ರಲ್ಲಿ ಪಾಳಿ ಮೇಲೆ ರಜೆ ಅಂದೆ. ಎಲ್ಲರೂ ತಲೆಯಾಡಿಸಿದರು, ಎಲ್ಲರೂ ಒಟ್ಟಿಗೇ ಮಾಯವಾದರು. ಹನ್ನೆರಡು ದಿನ. 2024ರಲ್ಲಿ ಜನವರಿಯಲ್ಲೇ ತೋಟದವರಿಗೆ ಹೇಳಿಬಿಟ್ಟೆ, ಜಾತ್ರೆಯ ಒಂಬತ್ತೂ ದಿನ ಕೆಲಸ ಬಂದ್ ಅಂತ. ಹತ್ತನೇ ದಿನ ಒಬ್ಬನನ್ನು ಬಿಟ್ಟು ಎಲ್ಲರೂ ಹಾಜರ್. ಆ ಒಬ್ಬನಿಗೆ ಮದುವೆ ಗೊತ್ತಾಗಿತ್ತು.

ನಡುವೆ ನೆಲದಲ್ಲೇ ನಿಂತು ಕೊನೆ ಇಳಿಸುವ ಉದ್ದ ಕೋಲು, ಫೈಬರ್ ದೋಟಿಯನ್ನೂ ತಂದೆ, ಎಂಬತ್ತು ಸಾವಿರ ಚಿಲ್ಲರೆ. ಹುಡುಗರು ಮುಖ ಊದಿಸಿಕೊಂಡರು, ತಮ್ಮ ಅನ್ನಕ್ಕೆ ಕಲ್ಲು ಬಿತ್ತು ಅಂತ. ಮೂರು ತಿಂಗಳು ಅಟ್ಟದಲ್ಲಿತ್ತು. ಕೊನೆಗೆ ಮಂಡಿನೋವಿನಿಂದ ಮರ ಹತ್ತುವುದು ಬಿಟ್ಟಿದ್ದ ಇಬ್ಬರನ್ನು ಕರೆದು ಅವರ ಕೈಗೆ ಕೊಟ್ಟೆ. ಮುನಿಸು ಅಲ್ಲಿಗೇ ಮುಗಿಯಿತು.

ಒಮ್ಮೆ ಒಬ್ಬ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಎಲ್ಲರಿಗೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸಿದ್ದೆ, ಅದೇ ಧೈರ್ಯದಲ್ಲಿದ್ದೆ. ಅದು ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಆಸ್ಪತ್ರೆ ಬಿಲ್ಲಿಗೆ ನಯಾಪೈಸೆ ಇಲ್ಲ. 38 ಸಾವಿರ ನಾನೇ ಕಟ್ಟಿದೆ, ಎರಡು ತಿಂಗಳು ಅರ್ಧ ಸಂಬಳವನ್ನೂ ಕೊಟ್ಟೆ. ಮನೆಯಲ್ಲಿ ಇವಳು ಎರಡು ದಿನ ಮಾತು ಬಿಟ್ಟಿದ್ದಳು. ಬೇರೆ ತಂಡದಿಂದ ಮೂವರು ನಮ್ಮಲ್ಲಿಗೆ ಬಂದದ್ದು ಅದಾದ ಮೇಲೆಯೇ.

ನಿಜವಾದ ಪರೀಕ್ಷೆ ಆದದ್ದು 2024ರ ಜುಲೈಯಲ್ಲಿ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಅದೇ ಮಳೆ. ಎರಡನೇ ಮದ್ದಿನ ಹೊತ್ತು ಮೀರುತ್ತಿತ್ತು, ಕೊಳೆ ಶುರುವಾಗಿತ್ತು. ಎಲ್ಲಾ ಕಡೆ ಗೌಡರಿಗಾಗಿ ಫೋನಿನ ಮೇಲೆ ಫೋನು. ನಮ್ಮವರು ಜಗಲಿಯಲ್ಲೇ ಇದ್ದರು, 400 ರೂಪಾಯಿ ಎಣಿಸುತ್ತಾ. ಎರಡು ಸಲ ಮಳೆ ಬಿಟ್ಟು ಹೊಳವಾಯಿತು. ಎರಡೂ ಸಲ ನಾನು ಏಳುವ ಮೊದಲೇ ಅವರು ಮದ್ದಿಗೆ ಸುಣ್ಣ, ಮೈಲುತುತ್ತ ಕದಡಿಟ್ಟಿದ್ದರು. ಹದಿನಾಲ್ಕರಲ್ಲಿ ಹನ್ನೊಂದು ತೋಟ ಮುಗಿಯಿತು. ಉಳಿದ ಮೂರರಲ್ಲಿ ಒಂದು ನನ್ನದೇ, ಅಲ್ಲಿ ಕಾಲುಭಾಗ ಕೊಳೆಗೆ ಹೋಯಿತು. ತನ್ನ ತೋಟವನ್ನೂ ಸೇರಿಸಿಕೊ ಅಂತ ಭಾವ ಬಂದು ಕೇಳಿದ್ದು ಅದೇ ಆಗಸ್ಟ್‌ನಲ್ಲಿ.

ಹಿರಿಯ ಗೌಡರು ಈ ಕೊಯ್ಲು ಮುಗಿಸಿ ನಿಲ್ಲಿಸುತ್ತಾರಂತೆ. ತಂಡಕ್ಕೆ ಮುಂದಿನ ಯಜಮಾನ ಯಾರು ಅಂತ ಹುಡುಗರೇ ಕೂತು ಮಾತಾಡುತ್ತಾರೆ, ನೀವು ಹೆಸರು ಎತ್ತಬಾರದು ಅಂದಿದ್ದಾರೆ. ಇವತ್ತಿನವರೆಗೆ ಎತ್ತಿಲ್ಲ. ಮನಸ್ಸಿನಲ್ಲಿ ಒಬ್ಬನಿದ್ದಾನೆ.