ಈ ವಾರ ಎಲ್ಲಿ ಕಛೇರಿ, ಎಲ್ಲಿ ನಾಟಕ? ಹುಡುಕುವ ಬಗೆ ಹೀಗೆ

ಬೆಂಗಳೂರಿನಲ್ಲಿ ಹಾಡು, ನಾಟಕ, ತಾಳಮದ್ದಳೆ ಯಾವುದೂ ಇಲ್ಲದ ಸಂಜೆ ಸಿಗುವುದು ಕಷ್ಟ. ಆದರೂ ಭಾನುವಾರ ‘ಎಲ್ಲಿಗಾದರೂ ಹೋಗೋಣ’ ಎಂದು ಹೊರಟವರು ಕೊನೆಗೆ ಮಾಲ್‌ಗೇ ಹೋಗಿ ಬರುತ್ತಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಏನೂ ಕಾಣಲಿಲ್ಲ ಅನ್ನುತ್ತಾರೆ. ಕಾಣುವುದಿಲ್ಲ, ನಿಜ. ಟಿಕೆಟ್ ಮಾರುವ ಆ್ಯಪ್‌ನಲ್ಲಿ ಟಿಕೆಟ್ ಇರುವ ಕಾರ್ಯಕ್ರಮ ಮಾತ್ರ ಬರುತ್ತದೆ. ನಮ್ಮಲ್ಲಿ ಎಷ್ಟೋ ಒಳ್ಳೆಯ ಕಛೇರಿಗಳಿಗೆ ಟಿಕೆಟ್ಟೇ ಇಲ್ಲ. ಮಾರಲು ಏನೂ ಇಲ್ಲದ್ದನ್ನು ಆ್ಯಪ್ ಯಾಕೆ ತೋರಿಸುತ್ತದೆ, ಅಲ್ವಾ?

ಹಾಗಾಗಿ ಹುಡುಕುವ ದಾರಿಯೇ ಬೇರೆ. ಕಲಾವಿದರ ಹೆಸರು ಹಿಡಿದು ಹೊರಡಬೇಡಿ. ಮೊದಲು ನಿಮಗೆ ಹತ್ತಿರದ ಸಭಾಂಗಣ ಯಾವುದು ನೋಡಿ. ಅಲ್ಲಿ ಏನಿದೆ ಎಂದು ಆಮೇಲೆ ಕೇಳಿ.

ಮೊದಲು ದೂರದ ಲೆಕ್ಕ

ವಾರದ ನಡುವಿನ ಕಾರ್ಯಕ್ರಮಗಳು ಹೆಚ್ಚಾಗಿ ಸಂಜೆ ಐದೂವರೆ, ಆರಕ್ಕೆ ಶುರು. ವೈಟ್‌ಫೀಲ್ಡ್‌ನಲ್ಲಿ ಆಫೀಸು ಮುಗಿಸಿ ಬಸವನಗುಡಿಗೆ ಹೊರಟರೆ ಮಂಗಳ ಹಾಡುವ ಹೊತ್ತಿಗೆ ಮುಟ್ಟುತ್ತೀರಿ. ಸೋಮವಾರದಿಂದ ಶುಕ್ರವಾರದವರೆಗೆ ಮನೆಗೆ ಅಥವಾ ಆಫೀಸಿಗೆ ಅರ್ಧ ಗಂಟೆಯೊಳಗಿನ ಜಾಗ ಮಾತ್ರ ಇಟ್ಟುಕೊಳ್ಳಿ. ದೂರದ್ದು ಶನಿವಾರ, ಭಾನುವಾರಕ್ಕಿರಲಿ.

ಬಸವನಗುಡಿ, ಚಾಮರಾಜಪೇಟೆ ಕಡೆಯವರು ಅದೃಷ್ಟವಂತರು. ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜವಿದೆ. ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಿಂದ ನಡೆದುಕೊಂಡು ಬಂದಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಇಲ್ಲಿ ಸಂಗೀತ, ನೃತ್ಯ, ಉಪನ್ಯಾಸ ಏನಾದರೊಂದು ನಡೆಯುತ್ತಲೇ ಇರುತ್ತದೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಕನ್ನಡ ನಾಟಕ ಜಾಸ್ತಿ.

ಜೆ.ಸಿ. ರಸ್ತೆ ಹವ್ಯಾಸಿ ರಂಗಭೂಮಿಯ ಹಳೆಯ ಅಡ್ಡಾ. ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಎಡಿಎ ರಂಗಮಂದಿರ, ಎಲ್ಲವೂ ಅಕ್ಕಪಕ್ಕ. ಒಂದರಲ್ಲಿ ಏನೂ ಇಲ್ಲದಿದ್ದರೆ ಇನ್ನೊಂದರಲ್ಲಿ ಇರುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ ಇದೇ. ಬೇಜಾರಾದರೆ ಎದ್ದು ಪಕ್ಕದ ಸಭಾಂಗಣಕ್ಕೆ ಹೋಗಬಹುದು!

ಮಲ್ಲೇಶ್ವರದ ಸುತ್ತ ಸೇವಾ ಸದನ, ಅನನ್ಯ, ಮತ್ತು ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ. ಚೌಡಯ್ಯದಲ್ಲಿ ನಡೆಯುವುದು ಹೆಚ್ಚಾಗಿ ದೊಡ್ಡ ಕಾರ್ಯಕ್ರಮ. ಟಿಕೆಟ್ ಇದೆಯೋ ಪಾಸ್ ಬೇಕೋ ಎಂದು ಮೊದಲೇ ಕೇಳಿಕೊಳ್ಳಿ. ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾದ ರಂಗಶಂಕರವಿದೆ. ಸೋಮವಾರ ಬಿಟ್ಟರೆ ಹೆಚ್ಚುಕಮ್ಮಿ ದಿನವೂ ನಾಟಕ. ಹಳದಿ ಮಾರ್ಗದ ಮೆಟ್ರೊ ಬಂದ ಮೇಲೆ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಹೋಗುವುದು ಸುಲಭವಾಗಿದೆ. ಪೂರ್ವದ ಕಡೆಯವರಿಗೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಮತ್ತು ವೈಟ್‌ಫೀಲ್ಡ್‌ನ ಜಾಗೃತಿ ಇವೆ. ಪಶ್ಚಿಮದವರಿಗೆ ಮಲ್ಲತ್ತಹಳ್ಳಿಯ ಕಲಾಗ್ರಾಮ.

ನಿಮ್ಮ ಪಟ್ಟಿಗೆ ಮೂರು ಸಭಾಂಗಣ ಸಾಕು.

ಸುದ್ದಿ ಸಿಗುವ ಜಾಗಗಳು

ಬೆಳಗಿನ ಪತ್ರಿಕೆಯ ಒಳಪುಟದಲ್ಲಿ ‘ನಗರದಲ್ಲಿ ಇಂದು’ ಥರದ ಅಂಕಣ ಇರುತ್ತದೆ. ಸಣ್ಣ ಅಕ್ಷರ, ಚಿತ್ರವೂ ಇಲ್ಲ. ಎಷ್ಟೋ ಜನ ಅದನ್ನು ದಾಟಿ ಪದಬಂಧಕ್ಕೆ ಹೋಗಿಬಿಡುತ್ತಾರೆ. ಉಚಿತ ಕಾರ್ಯಕ್ರಮಗಳ ಇಷ್ಟು ದೊಡ್ಡ ಪಟ್ಟಿ ಬೇರೆಲ್ಲೂ ಸಿಗುವುದಿಲ್ಲ. ಒಂದೇ ತೊಂದರೆ, ಅದು ಇವತ್ತಿನದು ಮಾತ್ರ. ವಾರ ಪೂರ್ತಿ ಯೋಜನೆ ಹಾಕಲು ಅದೊಂದೇ ಸಾಲದು.

ಸಭಾಂಗಣದ ಗೇಟಿನ ಬಳಿಯ ಬೋರ್ಡು ಅದಕ್ಕಿಂತ ಉಪಯೋಗಕ್ಕೆ ಬರುತ್ತದೆ. ತಿಂಗಳ ಕಾರ್ಯಕ್ರಮ ಅಂಟಿಸಿರುತ್ತಾರೆ. ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಂಡರೆ ತಿಂಗಳಿಗಾಯಿತು. ನಾಟಕಕ್ಕಾದರೆ ತಂಡಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳು ಪತ್ರಿಕೆಗಿಂತ ಚುರುಕು. ಬುಕ್ ಮೈ ಶೋದಲ್ಲಿ ಕನ್ನಡ ನಾಟಕ ಹುಡುಕುವಾಗ ಬರೀ ಸಿನಿಮಾ ಕಂಡರೆ ‘ನಾಟಕ’ ವಿಭಾಗಕ್ಕೆ ಹೋಗಿ ಭಾಷೆ ಆರಿಸಿ.

ಬಡಾವಣೆಯ ದೇವಸ್ಥಾನವನ್ನು ಮರೆಯಬೇಡಿ. ಹರಿಕಥೆ, ಗಮಕ (ಹಳೆಯ ಕಾವ್ಯವನ್ನು ರಾಗವಾಗಿ ಓದುವುದು), ದೇವರನಾಮದ ಕಾರ್ಯಕ್ರಮಗಳ ಸುದ್ದಿ ಅಲ್ಲಿನ ಫ್ಲೆಕ್ಸ್ ಬಿಟ್ಟು ಬೇರೆಲ್ಲೂ ಬರುವುದಿಲ್ಲ. ಸಂಗೀತದ ಪಾಠ ಹೇಳುವ ಮೇಷ್ಟರು, ಭಜನಾ ಮಂಡಳಿಯ ಹಿರಿಯರು ಇವರಲ್ಲಿ ಒಬ್ಬರ ಪರಿಚಯ ಇದ್ದರಂತೂ ವಾಟ್ಸ್‌ಆ್ಯಪ್‌ಗೆ ವಾರಕ್ಕೆ ನಾಲ್ಕು ಆಹ್ವಾನ ಪತ್ರಿಕೆ ಬರುವುದು ಗ್ಯಾರಂಟಿ. ಜೊತೆಗೆ ಶುಭೋದಯದ ಹೂವಿನ ಚಿತ್ರಗಳೂ ಬರುತ್ತವೆ, ಸಹಿಸಿಕೊಳ್ಳಿ.

ಆಹ್ವಾನ ಪತ್ರಿಕೆ ಓದುವುದು

ಇದು ಎಲ್ಲಕ್ಕಿಂತ ಮುಖ್ಯ. ಪತ್ರಿಕೆಯಲ್ಲಿ ಅಚ್ಚಾಗಿರುವ ಸಮಯವೇ ಬೇರೆ, ಹಾಡು ಶುರುವಾಗುವ ಸಮಯವೇ ಬೇರೆ. ಯಾವಾಗ ಹೋಗಬೇಕು ಎಂಬುದು ಹೆಸರುಗಳ ಸಾಲಿನಲ್ಲೇ ಇರುತ್ತದೆ.

ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸನ್ಮಾನ, ‘ಉಪಸ್ಥಿತಿ’ ಎಂದೆಲ್ಲ ಐದಾರು ಸಾಲು ಇದ್ದರೆ ಅದು ವೇದಿಕೆ ಕಾರ್ಯಕ್ರಮ. ಐದಕ್ಕೆ ಎಂದಿದ್ದರೂ ಹಾಡು ಆರೂವರೆಯ ಮುಂಚೆ ಶುರುವಾಗುವುದು ಅನುಮಾನ. ಪ್ರತಿ ಅತಿಥಿಗೆ ಹತ್ತು ನಿಮಿಷ, ಶಾಲು, ಹಾರ, ಹಣ್ಣಿನ ಬುಟ್ಟಿಗೆ ಇನ್ನೈದು ಎಂದು ಲೆಕ್ಕ ಇಟ್ಟುಕೊಳ್ಳಿ. ಮಂತ್ರಿಗಳ ಹೆಸರಿದ್ದರೆ ಲೆಕ್ಕವೇ ಬೇಡ. ಪತ್ರಿಕೆಯಲ್ಲಿ ಕಲಾವಿದರ ಹೆಸರು ಮಾತ್ರ ಇದ್ದರೆ ಹತ್ತು ನಿಮಿಷ ಮುಂಚೆಯೇ ಹೋಗಿ ಕೂರಿ. ಹಳೆಯ ಸಂಗೀತ ಸಭೆಗಳವರು ಗಡಿಯಾರ ನೋಡಿ ಶುರು ಮಾಡುವವರು.

ಯಾವ ಥರದ ಸಂಗೀತ ಎಂದು ಪತ್ರಿಕೆಯಲ್ಲಿ ಬಿಡಿಸಿ ಬರೆದಿರುವುದಿಲ್ಲ. ಪಕ್ಕವಾದ್ಯ ನೋಡಿದರೆ ತಿಳಿಯುತ್ತದೆ. ಪಿಟೀಲು, ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಎಂದಿದ್ದರೆ ಕರ್ನಾಟಕ ಸಂಗೀತ. ತಬಲಾ, ಹಾರ್ಮೋನಿಯಂ ಇದ್ದು ಹೆಸರಿನ ಹಿಂದೆ ‘ಪಂ.’ ಇದ್ದರೆ ಹಿಂದೂಸ್ತಾನಿ. ತಬಲಾ ಜೊತೆ ಕೀಬೋರ್ಡ್, ರಿದಂ ಪ್ಯಾಡ್ ಬಂದರೆ ಸುಗಮ ಸಂಗೀತ, ಭಾವಗೀತೆಗಳ ಸಂಜೆ. ಭಾಗವತರು, ಚೆಂಡೆ, ಮದ್ದಳೆ ಇದ್ದು ಮುಮ್ಮೇಳದಲ್ಲಿ ವೇಷಧಾರಿಗಳ ಹೆಸರಿದ್ದರೆ ಯಕ್ಷಗಾನ. ‘ಅರ್ಥಧಾರಿಗಳು’ ಎಂದಿದ್ದರೆ ತಾಳಮದ್ದಳೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಮಾತಿನ ಯುದ್ಧ. ಯಕ್ಷಗಾನ ಎಂದುಕೊಂಡು ಮಕ್ಕಳನ್ನು ತಾಳಮದ್ದಳೆಗೆ ಕರೆದುಕೊಂಡು ಹೋದರೆ ಕಿರೀಟ ಎಲ್ಲಿ ಎಂದು ಪೀಡಿಸುತ್ತಾರೆ. ದೊಡ್ಡವರಿಗೆ ಮಾತ್ರ ಅದರಂಥ ಸುಖ ಇನ್ನೊಂದಿಲ್ಲ.

ಕೊನೆಯ ಸಾಲನ್ನೂ ಓದಿ. ‘ಎಲ್ಲರಿಗೂ ಆದರದ ಸ್ವಾಗತ’ ಎಂದಿದ್ದರೆ ಪ್ರವೇಶ ಉಚಿತ, ಯಾರ ಪರಿಚಯವೂ ಬೇಡ. ‘ಸದಸ್ಯರಿಗೆ ಮತ್ತು ಆಹ್ವಾನಿತರಿಗೆ’ ಎಂದಿದ್ದರೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ದೊಮ್ಮಲೂರಿನ ಸೆಂಟರ್‌ನಂಥ ಕಡೆ ಹೆಚ್ಚಿನವು ಉಚಿತವೇ ಆದರೂ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಾಯಿಸಿದ ಮಾತ್ರಕ್ಕೆ ಕುರ್ಚಿ ಕಾದಿರುವುದಿಲ್ಲ, ಮೊದಲು ಬಂದವರಿಗೆ ಮೊದಲು.

ಕ್ಯಾಲೆಂಡರ್ ಜೊತೆ ಪಂಚಾಂಗವೂ ಬೇಕು

ಮುಂದಿನ ವಾರ ಏನು ಸಿಗುತ್ತದೆ ಎಂಬುದು ಯಾವ ಮಾಸ ಎಂಬುದರ ಮೇಲೂ ನಿಂತಿದೆ. ಯುಗಾದಿ, ರಾಮನವಮಿ ಹತ್ತಿರ ಬಂದರೆ ಬೇರೆ ಹುಡುಕಾಟವೇ ಬೇಡ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ವಾರಗಟ್ಟಲೆ ನಡೆಯುತ್ತದೆ. ನಗರದ ಬೇರೆ ಬೇರೆ ಬಡಾವಣೆಗಳಲ್ಲೂ ರಾಮೋತ್ಸವದ ಕಛೇರಿಗಳು ಇರುತ್ತವೆ. ಅಲ್ಲಿ ಪಾನಕ, ಕೋಸಂಬರಿಯೂ ಉಂಟು.

ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳ ಕಲಾವಿದರಿಗೆ ಊರಲ್ಲಿ ತಿರುಗಾಟ ಇರುವುದಿಲ್ಲ. ಆಗ ಅವರು ಬೆಂಗಳೂರಿಗೆ ಬರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಲಾಕ್ಷೇತ್ರದ ಬೋರ್ಡಿನ ಮೇಲೆ ಒಂದು ಕಣ್ಣಿರಲಿ. ಗಣೇಶನ ಹಬ್ಬದಲ್ಲಿ ಬೀದಿ ಬೀದಿಯಲ್ಲೂ ಆರ್ಕೆಸ್ಟ್ರಾ. ಬಸವನಗುಡಿಯ ಬೆಂಗಳೂರು ಗಣೇಶ ಉತ್ಸವದಲ್ಲಿ ದೊಡ್ಡ ಹೆಸರಿನವರೂ ಹಾಡುತ್ತಾರೆ. ನವೆಂಬರ್ ಪೂರ್ತಿ ರಾಜ್ಯೋತ್ಸವ. ಡೊಳ್ಳು, ಪೂಜಾ ಕುಣಿತ, ಕಂಸಾಳೆ ನೋಡಲು ಅದೇ ಒಳ್ಳೆಯ ತಿಂಗಳು. ಪುಷ್ಯದಲ್ಲಿ ತ್ಯಾಗರಾಜರ, ಪುರಂದರದಾಸರ ಆರಾಧನೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ.

ಚಿತ್ರ ನೋಡಲು ಸಂತೆಯವರೆಗೆ ಕಾಯಬೇಕಿಲ್ಲ. ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಲ್ಲಿ ಪ್ರದರ್ಶನಗಳು ಬದಲಾಗುತ್ತಲೇ ಇರುತ್ತವೆ. ಎಷ್ಟೋ ಸಲ ಬರೆದವರೇ ಅಲ್ಲಿ ಕೂತಿರುತ್ತಾರೆ, ಮಾತಾಡಿಸಬಹುದು.

ವಾರಕ್ಕೆ ಎರಡೇ

ಪಟ್ಟಿ ಕೈಗೆ ಬಂದ ಮೇಲೆ ಎಲ್ಲದಕ್ಕೂ ಹೋಗುವ ಆಸೆ ಆಗುತ್ತದೆ. ಬೇಡ. ಗೊತ್ತಿರುವ ಬಗೆಯದು ಒಂದು, ಈವರೆಗೆ ಕೇಳದ ಬಗೆಯದು ಒಂದು, ಇಷ್ಟು ಆರಿಸಿ. ಸಿನಿಮಾ ಹಾಡು ಬಿಟ್ಟು ಬೇರೆ ಕೇಳದವರು ಸುಗಮ ಸಂಗೀತದಿಂದ ಶುರು ಮಾಡಬಹುದು. ಕರ್ನಾಟಕ ಸಂಗೀತ ಹೊಸದಾದರೆ ಕಛೇರಿಯ ಕೊನೆಯ ಒಂದು ಗಂಟೆಗೆ ಹೋದರೂ ತಪ್ಪೇನಿಲ್ಲ. ಮುಖ್ಯ ಕೃತಿ, ತನಿ ಆವರ್ತನ (ಮೃದಂಗ, ಘಟದವರು ತಾವಷ್ಟೇ ನುಡಿಸುವ ಭಾಗ), ದೇವರನಾಮ ಎಲ್ಲ ಆ ಹೊತ್ತಿಗೇ ಬರುವುದು. ಆದರೆ ಒಂದು ಕೀರ್ತನೆ ಮುಗಿಯುವವರೆಗೆ ಬಾಗಿಲ ಬಳಿ ನಿಂತು, ಚಪ್ಪಾಳೆ ಬಿದ್ದ ಮೇಲೆ ಒಳಗೆ ಹೋಗಿ.

ಹೊರಡುವ ದಿನ ಬೆಳಿಗ್ಗೆ ದಿನಪತ್ರಿಕೆಯಲ್ಲಿ ಅಥವಾ ಫೋನಿನಲ್ಲಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಸರ್ಕಾರಿ ಸಭಾಂಗಣಗಳಲ್ಲಿ ಕಾರ್ಯಕ್ರಮ ಮುಂದೆ ಹೋಗುವುದು ಉಂಟು.

ಎಲ್ಲಿ ಕೂರುವುದು, ಯಾವಾಗ ಏಳುವುದು

ಉಚಿತ ಕಾರ್ಯಕ್ರಮದಲ್ಲಿ ಮೊದಲ ಎರಡು ಸಾಲು ಅತಿಥಿಗಳಿಗೆ ಎಂದು ಬಿಟ್ಟಿರುತ್ತಾರೆ. ಮೂರನೇ ಸಾಲು ನಿಮ್ಮದು. ಕರ್ನಾಟಕ ಸಂಗೀತದ ಕಛೇರಿಯಾದರೆ ನಿಮ್ಮ ಎಡಗಡೆಗೆ ಮೃದಂಗದವರು, ಬಲಗಡೆಗೆ ಪಿಟೀಲಿನವರು ಕೂರುತ್ತಾರೆ. ಮೃದಂಗದ ಬಲಗೈ ಬದಿ ಸಭೆಯ ಕಡೆಗೆ ತಿರುಗಿರಲಿ ಎಂದು ಈ ವ್ಯವಸ್ಥೆ. ನುಡಿಸುವವರು ಎಡಚರಾದರೆ ಇಬ್ಬರ ಜಾಗವೂ ಅದಲು ಬದಲು. ಬೆರಳಿನ ಕೆಲಸ ನೋಡುವ ಆಸೆ ಇರುವವರು ಮೃದಂಗದ ಕಡೆಯ ಕುರ್ಚಿ ಹಿಡಿಯಿರಿ. ಕಂಬದಂಥ ಸ್ಪೀಕರ್ ಎದುರು ಮಾತ್ರ ಬೇಡ. ನಮ್ಮ ಸಭಾಂಗಣಗಳಲ್ಲಿ ಮೈಕಿನವರು ಧಾರಾಳಿಗಳು.

ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವ ಕೆಟ್ಟ ಚಾಳಿ ಒಂದಿದೆ. ಮೃದಂಗ, ಘಟದವರು ಪೂರ್ತಿ ಸಂಜೆ ಬೇರೆಯವರ ಜೊತೆ ನುಡಿಸಿ, ತಮ್ಮದೇ ಎಂದು ಸಿಕ್ಕ ಆ ಹತ್ತು ಹದಿನೈದು ನಿಮಿಷದಲ್ಲಿ ಕುರ್ಚಿಗಳ ಸದ್ದು ಕೇಳಬೇಕು. ಕಾಫಿ ಮುಂಚೆಯೇ ಕುಡಿದುಬಿಡಿ.

ನಾಟಕದ ನಿಯಮ ಇನ್ನೂ ಬಿಗಿ. ರಂಗಶಂಕರದಲ್ಲಿ ಹೊತ್ತು ಮೀರಿದರೆ ಬಾಗಿಲು ತೆರೆಯುವುದಿಲ್ಲ, ಟಿಕೆಟ್ ಕೈಯಲ್ಲಿದ್ದರೂ ಅಷ್ಟೆ. ಟ್ರಾಫಿಕ್ ಎಂಬ ನೆವ ಅಲ್ಲಿ ನಡೆಯದು. ಫೋನನ್ನು ವೈಬ್ರೇಟ್‌ನಲ್ಲಿಟ್ಟರೆ ಸಾಲದು, ಆಫ್ ಮಾಡಿ. ಕತ್ತಲಲ್ಲಿ ಪರದೆಯ ಬೆಳಕು ನಟರ ಕಣ್ಣಿಗೇ ಹೊಡೆಯುತ್ತದೆ. ಚಿಕ್ಕ ಮಕ್ಕಳನ್ನು ಬಿಡುತ್ತಾರೋ ಇಲ್ಲವೋ ಎಂದು ಟಿಕೆಟ್ ಕೊಳ್ಳುವ ಮುಂಚೆ ಕೇಳಿ. ಮಕ್ಕಳಿಗೆ ಸಂಸದಂಥ ಬಯಲು ರಂಗಮಂದಿರವೇ ಸರಿ. ಎದ್ದು ಓಡಾಡಿದರೂ ಯಾರೂ ಗದರುವುದಿಲ್ಲ.

ಊರು ಬೇರೆಯಾದರೆ

ಇದೇ ದಾರಿ ಬೇರೆ ಊರುಗಳಿಗೂ ನಡೆಯುತ್ತದೆ, ಸಭಾಂಗಣದ ಹೆಸರು ಮಾತ್ರ ಬದಲು. ಮೈಸೂರಿನವರಿಗೆ ರಂಗಾಯಣದ ಭೂಮಿಗೀತ, ವನರಂಗ. ಧಾರವಾಡದವರಿಗೆ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಂಗಳ. ಕರಾವಳಿಯವರಿಗೆ ಇನ್ನೂ ಸುಲಭ. ‘ಇಂದಿನ ಆಟ ಎಲ್ಲಿ’ ಎಂಬ ಪಟ್ಟಿ ಅಲ್ಲಿನ ಪತ್ರಿಕೆಗಳಲ್ಲೇ ಬರುತ್ತದೆ. ಆಟ ಎಂದರೆ ಅಲ್ಲಿ ಯಕ್ಷಗಾನ. ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆಯವರೆಗೆ (ತುಳುನಾಡಿನಲ್ಲಿ ಆಟಗಳು ಮುಗಿಯುವ ದಿನ) ಮೇಳಗಳ ತಿರುಗಾಟ. ಭಕ್ತರು ಹರಕೆ ಹೊತ್ತು ಆಡಿಸುವ ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಮೊದಲು ಬೆಳಗಿನವರೆಗೆ ಆಡುತ್ತಿದ್ದ ಕೆಲವು ಮೇಳಗಳು ಈಗ ಕಾಲಮಿತಿಗೆ ಬಂದಿವೆ. ಹೊರಡುವ ಮುಂಚೆ ‘ಇಡೀ ರಾತ್ರಿಯಾ, ಕಾಲಮಿತಿಯಾ’ ಎಂದು ಕೇಳಿಕೊಂಡರೆ ಮರುದಿನದ ರಜೆಯ ವಿಷಯ ತೀರ್ಮಾನವಾಗುತ್ತದೆ.

ಹೊರಗೆ ಬರುವಾಗ

ಬಾಗಿಲ ಬಳಿ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಿರುತ್ತಾರೆ. ಹೆಸರು, ಫೋನ್ ನಂಬರ್ ಬರೆಯಿರಿ. ಮುಂದಿನ ಕಾರ್ಯಕ್ರಮದ ಸುದ್ದಿ ತಾನಾಗಿ ಬರುತ್ತದೆ. ಪಕ್ಕದಲ್ಲೇ ಹುಂಡಿ ಇದ್ದರೆ ಕೈಲಾದಷ್ಟು ಹಾಕಿ. ಪ್ರವೇಶ ಉಚಿತವಾದರೂ ಸಭಾಂಗಣದ ಬಾಡಿಗೆ, ಮೈಕು, ಕಲಾವಿದರ ಸಂಭಾವನೆ ಯಾರೋ ಕೊಟ್ಟಿರುತ್ತಾರೆ. ಮತ್ತೆ ಮತ್ತೆ ಅದೇ ಸಭೆಗೆ ಹೋಗುವವರು ಸದಸ್ಯತ್ವದ ಫಾರಂ ಕೇಳಿ ಪಡೆಯಿರಿ. ಹಾಡುವ, ತಾಳ ಹಾಕುವ ಮನಸ್ಸಿದ್ದರೆ ಅದನ್ನೂ ಅಲ್ಲೇ ಹೇಳಿ. ಭಜನಾ ಮಂಡಳಿ, ಗಮಕದ ತರಗತಿ, ಹವ್ಯಾಸಿ ನಾಟಕ ತಂಡ ಎಲ್ಲ ಕಡೆಯೂ ಜನರ ಕೊರತೆ ಇದ್ದೇ ಇದೆ. ನಾಟಕ ತಂಡದವರಂತೂ ಬಣ್ಣ ಹಚ್ಚುವವರಿಗಿಂತ ಮೊದಲು ಸೆಟ್ ಎತ್ತಲು ಕೈ ಹುಡುಕುತ್ತಿರುತ್ತಾರೆ.